ವಂದನಾರ್ಪಣೆಯಲ್ಲಿ ಗಂಟಲು ಕೈಕೊಟ್ಟಿದ್ದಕ್ಕೆ

ಕಳೆದ ಭಾನುವಾರ ಮುಂಬಯಿಯ ಮಾಟುಂಗದಲ್ಲಿ ನಮ್ಮ ಐವತ್ತನೆಯ ಪುಸ್ತಕ ಮಾತುಕತೆ ಮುಗಿದಾಗ ವಂದನಾರ್ಪಣೆ ನನ್ನ ಪಾಲಿಗೆ ಬಂತು. ಚೀಟಿಯಲ್ಲಿ 23 ಹೆಸರು ಬರೆದುಕೊಂಡಿದ್ದೆ. ನಾಲ್ಕನೆಯ ಹೆಸರಿಗೆ ದನಿ ಒಡೆಯಿತು, ಆರನೆಯದಕ್ಕೆ ಪೂರ್ತಿ ಹೋಯಿತು. ನಾನು ಭಾವುಕಳಾದೆ ಅಂದುಕೊಂಡು ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಭಾವುಕತೆ ಅಲ್ಲ ಮಾರಾಯ್ರೆ, ಗಂಟಲು. ಹೇಗೂ ನಮ್ಮ ಸಭೆಗಳಲ್ಲಿ ವಂದನಾರ್ಪಣೆ ಅಂದರೆ ಅರ್ಧ ಜನ ಚಪ್ಪಲಿ ಹುಡುಕುವ ಹೊತ್ತು, ಉಳಿದರ್ಧ ಜನ ಎಂಟರ ಲೋಕಲ್ ಸಿಗುತ್ತದೋ ಇಲ್ಲವೋ ಎಂದು ಮೊಬೈಲ್ ನೋಡುವ ಹೊತ್ತು. ಅದಕ್ಕೆ ಬರೆದೇ ಹೇಳುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಹಾಕಿದರೆ ಬಿಟ್ಟುಹೋದವರ ಪಟ್ಟಿಯೇ ದೊಡ್ಡದಾಗುತ್ತದೆ. ಯಾರ ವಿಷಯ ಎಂದು ಅವರವರಿಗೆ ಗೊತ್ತಾಗುತ್ತದೆ.

ಶುರುವಾದದ್ದು ಒಂದು ಸಣ್ಣ ಕಿರಿಕಿರಿಯಿಂದ. ಈ ಊರಿನಲ್ಲಿ ಕನ್ನಡ ಪುಸ್ತಕದ ಕಾರ್ಯಕ್ರಮಗಳಿಗೆ ಬರವಿಲ್ಲ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಶನ್ ಇದೆ, ಮಾಹಿಮಿನ ಕರ್ನಾಟಕ ಸಂಘ ಇದೆ, ಕಲೀನಾದಲ್ಲಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇದೆ. ಮೂರೂ ಕಡೆ ಕೂತು ಕೇಳಿಯೇ ನಾನು ಇಷ್ಟಾದರೂ ಓದುವವಳಾದದ್ದು. ಆದರೆ ಬಿಡುಗಡೆ ಸಮಾರಂಭ ಎಲ್ಲೇ ನಡೆಯಲಿ, ಒಂದು ಮಾತ್ರ ತಪ್ಪುವುದಿಲ್ಲ: ವೇದಿಕೆಯ ಮೇಲೆ ಪುಸ್ತಕವನ್ನು ಬಿಟ್ಟು ಉಳಿದೆಲ್ಲ ಬಿಡುಗಡೆಯಾಗುತ್ತದೆ. ಲೇಖಕರ ಸಜ್ಜನಿಕೆ, ಅವರ ನೌಕರಿ, ಅವರ ಮನೆಯವರ ಸಹಕಾರ, ಒಮ್ಮೆ ಅವರ ಮನೆಯಲ್ಲಿ ತಿಂದ ಪತ್ರೊಡೆ. ಪಾಪ, ಯಾರಾದರೂ ಏನು ಮಾಡಿಯಾರು? ರಿಬ್ಬನ್ ಬಿಚ್ಚಿದ್ದು ಐದು ನಿಮಿಷದ ಹಿಂದೆ, ಓದಲು ಪುರುಸೊತ್ತಾದರೂ ಎಲ್ಲಿ?

ಹಾಗಾದರೆ ಬಾಣಂತನ ಮುಗಿದ ಮೇಲೆ ಮಗು ನೋಡಲು ಹೋದಂತೆ ಹೋಗೋಣ ಅಂದುಕೊಂಡೆವು. ಪುಸ್ತಕ ಹೊರಬಂದು ಒಂದೆರಡು ತಿಂಗಳಾದ ಮೇಲೆ, ಊರಲ್ಲಿ ನಾಲ್ಕು ಜನ ಓದಿದ ಮೇಲೆ, ಬರೆದವರನ್ನು ಕರೆದು ಕೂರಿಸಿಕೊಂಡು ಮಾತಾಡುವುದು. ಶಾಲು ಇಲ್ಲ, ಹಾರ ಇಲ್ಲ, ಅಧ್ಯಕ್ಷತೆ ಇಲ್ಲ. ಓದದೆ ಬಂದವರು ಕೂತು ಕೇಳಬಹುದು, ಪ್ರಶ್ನೆ ಕೇಳುವಂತಿಲ್ಲ. ಈ ಕೊನೆಯ ನಿಯಮಕ್ಕೆ ನನಗೆ 'ಹೆಡ್ ಮಿಸ್ಸು' ಎಂಬ ಅಡ್ಡಹೆಸರು ಬಿತ್ತು. 31 ವರ್ಷ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಮಾಡಿದ್ದೇನೆ, ಹೆಡ್ ಮಿಸ್ಸು ಮಾತ್ರ ಆಗಿರಲಿಲ್ಲ. ನಿವೃತ್ತಿಯಾದ ಮೇಲೆ ಬಡ್ತಿ ಕೊಟ್ಟವರಿಗೆ ಮೊದಲ ಥ್ಯಾಂಕ್ಸ್. ಮೊದಲ ಮಾತುಕತೆಗೆ ಬಂದವರು ಏಳು ಜನ. ಅದರಲ್ಲಿ ನಾನು, ನನ್ನ ಗಂಡ, ಲೇಖಕರ ಭಾವ ಸೇರಿ ಮೂರು. ಓದಿ ಬಂದಿದ್ದವರು ಇಬ್ಬರು. ಭಾವ ಓದಿರಲಿಲ್ಲ.

ಏಳಿದ್ದದ್ದು ನಲವತ್ತೈದು, ಐವತ್ತು ಜನ ಆದದ್ದು ಪ್ರಚಾರದಿಂದಲ್ಲ, ಐದು ಪ್ರತಿಗಳಿಂದ. ಕನ್ನಡ ಪುಸ್ತಕದ ಮೊದಲ ಒಳಪುಟ ತೆರೆದರೆ ಎಲ್ಲ ಲೆಕ್ಕವೂ ಅಲ್ಲೇ ಇರುತ್ತದೆ: ಪ್ರಥಮ ಮುದ್ರಣ, ಡೆಮಿ 1/8, ಬಳಸಿದ ಕಾಗದ 70 ಜಿ.ಎಸ್.ಎಂ. ಮ್ಯಾಪ್‌ಲಿಥೊ, ಪ್ರತಿಗಳು 1000, ಕೆಲವೊಮ್ಮೆ 500. ಆ ಐನೂರರಲ್ಲಿ ಡೊಂಬಿವಲಿಗೆ ಎಷ್ಟು ಬಂದಾವು? ಮೊದಲೆಲ್ಲ ರಿಜಿಸ್ಟರ್ಡ್ ಬುಕ್ ಪೋಸ್ಟಿನಲ್ಲಿ ತರಿಸಿಕೊಳ್ಳುತ್ತಿದ್ದೆವು. 2024ರ ಡಿಸೆಂಬರಿನಲ್ಲಿ ಆ ಸೇವೆ ನಿಂತ ಮೇಲೆ ಯಾರಾದರೂ ಊರಿಗೆ ಹೋದರೆ ವಾಪಸ್ ಬರುವಾಗ ಹಪ್ಪಳ, ಕುಚ್ಚಲಕ್ಕಿಯ ಜೊತೆ ಪುಸ್ತಕವನ್ನೂ ಬ್ಯಾಗಿಗೆ ತುರುಕಿಕೊಂಡು ಬಂದರು. ಪ್ರತಿ ಪುಸ್ತಕದ್ದೂ ಐದು ಪ್ರತಿ ಕೊಳ್ಳುವುದು, ಕೊನೆಯ ರಟ್ಟಿನ ಒಳಗೆ ಒಂದು ಚೀಟಿ ಅಂಟಿಸುವುದು, ಓದಿದವರು ತಾರೀಖು ಬರೆದು ಮುಂದಿನವರಿಗೆ ದಾಟಿಸುವುದು. ದಾಟಿಸುವ ಜಾಗ ಲೋಕಲ್ ರೈಲಿನ ಸ್ಟೇಷನ್. ಥಾಣೆಯಲ್ಲಿ ರೈಲಿನ ಸಮಯ ತೋರಿಸುವ ಇಂಡಿಕೇಟರ್ ಕೆಳಗೆ, ಕುರ್ಲಾದಲ್ಲಿ ಸೇತುವೆಯ ಮೇಲೆ, ಮುಲುಂಡಿನಲ್ಲಿ ರೈಲಿನ ಕಿಟಕಿಯಿಂದಲೇ. ಹೀಗೆ ಕೈ ಬದಲಿಸಿದ ನಿಮಗೆಲ್ಲ ನಾನು ಸಭೆಯಲ್ಲಿ ಎರಡು ಕೈ ಎತ್ತಿ ಮುಗಿಯಬೇಕಿತ್ತು.

ಅಂಥದೊಂದು ಪ್ರತಿಯ ಕಥೆ ಹೇಳಲೇಬೇಕು. ಕುಂದಾಪುರದ ಕಡೆಯ ಕಥೆಗಾರರು, ಮೊದಲ ಸಂಕಲನ. ಮಾತುಕತೆಗೆ ಮೊದಲು ಚಹಾ ಕುಡಿಯುತ್ತ ಮೇಜಿನ ಮೇಲಿದ್ದ ನಮ್ಮ ಪ್ರತಿಯನ್ನು ಸುಮ್ಮನೆ ಕೈಗೆತ್ತಿಕೊಂಡರು. ಬೆನ್ನು ಬಿಟ್ಟುಹೋಗಿತ್ತು. 40ನೆಯ ಪುಟದಲ್ಲಿ ಅರಿಶಿನದ ಹೆಬ್ಬೆಟ್ಟು. ನಡುವೆ ಗುರುತಿಗೆ ಇಟ್ಟ ಘಾಟ್ಕೋಪರಿನ ರೈಲು ಟಿಕೇಟು. 83ನೆಯ ಪುಟದಲ್ಲಿ ಅವರ ಕಥಾನಾಯಕ ಮಾಟುಂಗ ಸ್ಟೇಷನ್ನಿನಲ್ಲಿ ಓಡಿಬಂದು ಫಾಸ್ಟ್ ಲೋಕಲ್ ಹತ್ತುತ್ತಾನೆ. ಅಂಚಿನಲ್ಲಿ ನೀಲಿ ಶಾಯಿ: 'ಫಾಸ್ಟ್ ಇಲ್ಲಿ ನಿಲ್ಲುವುದಿಲ್ಲ.' ಅದರ ಕೆಳಗೆ ಪೆನ್ಸಿಲಿನಲ್ಲಿ ಬೇರೆ ಕೈಬರಹ: 'ಮೆಗಾಬ್ಲಾಕ್ ಇದ್ದರೆ ನಿಲ್ಲುತ್ತದೆ.' ಅದರ ಕೆಳಗೆ ಮತ್ತೆ ನೀಲಿ ಶಾಯಿ: 'ಕಥೆಯಲ್ಲಿ ಅದು ಸೋಮವಾರ!' (ಮೆಗಾಬ್ಲಾಕ್ ಅಂದರೆ ರಿಪೇರಿಗೆಂದು ಸಾಮಾನ್ಯವಾಗಿ ಭಾನುವಾರ ಕೆಲವು ಹಳಿಗಳನ್ನು ಮುಚ್ಚುವುದು.) ಇನ್ನೊಂದು ಕಡೆ ತಾಯಿ ಮಗನ ಡಬ್ಬಿಗೆ ಎರಡು ಚಪಾತಿ ಹೆಚ್ಚಿಗೆ ಹಾಕುವ ಸಾಲು. ಅದರ ಪಕ್ಕ ಯಾರೋ ಏನನ್ನೂ ಬರೆಯದೆ ಒಂದು ಉದ್ದ ಗೆರೆ ಎಳೆದಿದ್ದರು.

ಅವರ ಚಹಾ ಆರಿಹೋಯಿತು. ನಿಂತುಕೊಂಡೇ ಪುಟ ಮಗುಚುತ್ತಿದ್ದರು. ಕೊನೆಗೆ ಕೇಳಿದ್ದು ಒಂದೇ ಮಾತು: "ಈ ಪ್ರತಿ ನನಗೆ ಕೊಡ್ತೀರಾ? ಬದಲಿಗೆ ಹೊಸದು ಎರಡು ಕೊಡ್ತೇನೆ." ಕೊಟ್ಟೆವು. ಅವತ್ತಿನ ಮಾತುಕತೆಯ ಅರ್ಧ ಭಾಗ ಆ ಫಾಸ್ಟ್ ಲೋಕಲಿನ ಮೇಲೆಯೇ ನಡೆಯಿತು. ಓಡುವವನಿಗೆ ರೈಲು ನಿಲ್ಲದಿದ್ದರೆ ಕಥೆ ಮುಂದೆ ಹೋಗುವುದೇ ಇಲ್ಲವಲ್ಲ. ಮರುಮುದ್ರಣದಲ್ಲಿ ಸೋಮವಾರವನ್ನು ಭಾನುವಾರ ಮಾಡುತ್ತೇನೆ ಎಂದು ಅವರು ನಗುತ್ತ ಹೇಳಿದರು. ನೀಲಿ ಶಾಯಿಯವರೇ, ಪೆನ್ಸಿಲಿನವರೇ, ಗೆರೆ ಎಳೆದವರೇ, ನೀವು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಪುಸ್ತಕದಲ್ಲಿ ಗೀಚಬಾರದು ಎಂದು ಮಕ್ಕಳ ಕೈಗೆ ಹೊಡೆಯುತ್ತಿದ್ದವಳು ನಾನು. ಆ ಮಾತು ವಾಪಸ್.

ಅಚ್ಚಿನ ತಪ್ಪು ಹುಡುಕುವ ನಮ್ಮ ಗುಂಪಿನ ಅಮ್ಮನನ್ನು ಮರೆಯುವಂತಿಲ್ಲ. ಪತ್ರಿಕೆಯೊಂದರಲ್ಲಿ ಕರಡು ತಿದ್ದಿ ನಿವೃತ್ತರಾದವರು. 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪಿಸಿದ್ದನ್ನು ಯೂನಿಕೋಡಿಗೆ ಬದಲಿಸುವಾಗ ಅರ್ಕಾವೊತ್ತು ಹಾರಿ ಪಕ್ಕದ ಅಕ್ಷರದ ಮೇಲೆ ಕೂರುತ್ತದೆ. ಒಂದು ಕವನ ಸಂಕಲನದಲ್ಲಿ ಸೂರ್ಯ ಹುಟ್ಟಬೇಕಾದಲ್ಲೆಲ್ಲ 'ಸೂಯರ್' ಹುಟ್ಟಿದ್ದ. ಅವರು ಪುಟಸಂಖ್ಯೆ ಸಮೇತ 64 ತಪ್ಪುಗಳ ಪಟ್ಟಿ ಮಾಡಿ, ಕವಿಯ ಕೈಗೆ ಸಭೆಯ ಎದುರು ಕೊಡದೆ, ಮೆಟ್ಟಿಲಿಳಿಯುವಾಗ ಕೊಟ್ಟರು. ಆ ಕವಿ ಈಗ ಹಸ್ತಪ್ರತಿಯನ್ನು ಮೊದಲು ಅವರಿಗೇ ಕಳಿಸುತ್ತಾರೆ.

ಬರೆದವರ ಋಣ ಬೇರೆ ರೀತಿಯದು. ನಾವು ಸಂಭಾವನೆ ಕೊಡುವ ಸ್ಥಿತಿಯಲ್ಲಿಲ್ಲ, ರೈಲಿನ ಟಿಕೇಟು ಮಾತ್ರ. ಮತ್ಸ್ಯಗಂಧದಲ್ಲಿ ರಾತ್ರಿಯಿಡೀ ಕೂತು ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಲ್ಲಿ ಇಳಿದು, ನಲವತ್ತು ಪುಸ್ತಕದ ರಟ್ಟಿನ ಪೆಟ್ಟಿಗೆ ಹೊತ್ತು ರಿಕ್ಷಾ ಹಿಡಿದವರೊಬ್ಬರನ್ನು ರಿಕ್ಷಾದವನು ಸಾಯನ್ನಿನಲ್ಲಿ ಇಳಿಸಿಬಿಟ್ಟ. ರಿಕ್ಷಾಕ್ಕೆ ಅಲ್ಲಿಂದ ಈಚೆ ಪರವಾನಗಿ ಇಲ್ಲ. ನಮಗೆ ಗೊತ್ತು, ಅವರಿಗೆ ಹೇಗೆ ಗೊತ್ತಾಗಬೇಕು? ಹೇಳಬೇಕಾದವಳು ನಾನೇ ಮರೆತಿದ್ದೆ. ಟ್ಯಾಕ್ಸಿ ಸಿಗದೆ ಪೆಟ್ಟಿಗೆಯ ಮೇಲೆಯೇ ಕೂತು ಅರ್ಧ ಗಂಟೆ ಕಾದ ಅವರು ಬಂದು ಒಂದು ಮಾತೂ ಆಡಲಿಲ್ಲ. ಸಂಜೆ ಅವರ ಕಾದಂಬರಿಯ ಕೊನೆ ಅವಸರದ್ದು ಎಂದು ಚೆಂಬೂರಿನವರೊಬ್ಬರು ಹೇಳಿದಾಗಲೂ ಸಿಟ್ಟಾಗಲಿಲ್ಲ. "ಹೌದು, ಅಪ್ಪನಿಗೆ ಹುಷಾರಿರಲಿಲ್ಲ, ಮುಗಿಸಿಬಿಡಬೇಕಿತ್ತು" ಎಂದರು. ಯಾವ ಮುನ್ನುಡಿಯಲ್ಲೂ ಇರದ ಮಾತು. ಇಂಥದಕ್ಕಾಗಿಯೇ ನಾವು ಅಲ್ಲಿ ಸೇರುವುದು.

ಮೊದಲ ಪುಸ್ತಕದವರು, "ನಾನೇನು ದೊಡ್ಡ ಲೇಖಕಿಯಲ್ಲ, ಆಫೀಸಿಗೆ ಹೋಗಿ ಬಂದು ಬರೆಯೋಳು" ಎಂದು ಹಿಂಜರಿದಾಗ ಅವರಿಗೆ ಕಾದಂಬರಿಕಾರರಾದ ವ್ಯಾಸರಾಯ ಬಲ್ಲಾಳರನ್ನೂ ಯಶವಂತ ಚಿತ್ತಾಲರನ್ನೂ ನೆನಪಿಸುತ್ತಿದ್ದೆ. ಇಬ್ಬರೂ ಇದೇ ಊರಿನಲ್ಲಿ ನೌಕರಿ ಮಾಡಿಕೊಂಡೇ ಬರೆದವರು. ಕೆಲವರಿಗೆ ಧೈರ್ಯ ಬಂತು. ಒಬ್ಬರು ಮಾತ್ರ ಇನ್ನಷ್ಟು ಹೆದರಿದರು.

ಇನ್ನು ಗಂಟಲು. 41ನೆಯ ಮಾತುಕತೆಯ ಮರುದಿನದಿಂದ ದನಿ ಗೊಗ್ಗರಾಯಿತು, ತಿಂಗಳಾದರೂ ಸರಿಹೋಗಲಿಲ್ಲ. ಧ್ವನಿತಂತುವಿನ ಮೇಲೆ ಪಾಲಿಪ್, ಸಣ್ಣದೊಂದು ಮಾಂಸದ ಬೆಳವಣಿಗೆ. ಕಿರುಚಿ ಪಾಠ ಮಾಡುವ ಮೇಷ್ಟ್ರುಗಳಿಗೆ, ಹಾಡುವವರಿಗೆ ಬರುವಂಥದು ಎಂದರು ಡಾಕ್ಟರು. ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಬಾಯಿಯ ಮೂಲಕವೇ ತೆಗೆದರು, ಹೊರಗೆ ಒಂದು ಹೊಲಿಗೆಯೂ ಇಲ್ಲ. ಆದರೆ ಹತ್ತು ದಿನ ಸಂಪೂರ್ಣ ಮೌನ. ಪಿಸುಗುಟ್ಟುವುದೂ ಬೇಡ, ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವುದೂ ಬೇಡ. 42ನೆಯದು ಆರೇ ದಿನಕ್ಕೆ ಇತ್ತು. ಮುಂದೂಡೋಣ ಎಂದು ಸ್ಲೇಟಿನ ಮೇಲೆ ಬರೆದು ತೋರಿಸಿದೆ. ನಮ್ಮ ಗುಂಪಿನ ಹುಡುಗ ಅದೇ ಸ್ಲೇಟು ಇಸಿದುಕೊಂಡು 'ಇಲ್ಲ' ಎಂದು ಬರೆದು ವಾಪಸ್ ಕೊಟ್ಟ. ಅವನಿಗೆ ಏನು ದನಿ ಹೋಗಿತ್ತೋ ಗೊತ್ತಿಲ್ಲ.

ಅವತ್ತು ಮುಂದಿನ ಸಾಲಿನಲ್ಲಿ ಕೂತು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಅವನಿಗೆ ದಾಟಿಸುತ್ತಿದ್ದೆ. ಅವನು ಪ್ರತಿ ಚೀಟಿಯನ್ನೂ ವಿನಯದಿಂದ ಓದಿ, ಮಡಚಿ, ಜೇಬಿಗೆ ಹಾಕಿಕೊಂಡು ತನ್ನದೇ ಪ್ರಶ್ನೆ ಕೇಳುತ್ತಿದ್ದ. ಮೈಯೆಲ್ಲ ಉರಿದುಹೋಯಿತು. ನನ್ನ ಪ್ರಶ್ನೆ: 'ಈ ಕೃತಿಯ ಪ್ರೇರಣೆ ಏನು?' ಅವನ ಪ್ರಶ್ನೆ: "ಅತ್ತೆ ಬಾಗಿಲು ತೆರೆಯದೇ ಇರೋ ಅಧ್ಯಾಯದಲ್ಲಿ ಮಳೆ ಯಾಕೆ ನಿಲ್ತು?" ಲೇಖಕಿ ಇಪ್ಪತ್ತು ನಿಮಿಷ ಮಾತಾಡಿದರು. ಮನೆಗೆ ಹೋಗುವಾಗ ರೈಲಿನಲ್ಲಿ ನನ್ನ ಹಳೆಯ ಪ್ರಶ್ನೆಗಳನ್ನೆಲ್ಲ ನೆನಪಿಸಿಕೊಂಡೆ. 41 ಜನರನ್ನು ನಾನು ಪ್ರೇರಣೆ ಕೇಳಿದ್ದೆ. ಅವರೆಲ್ಲರಲ್ಲಿ ಕ್ಷಮೆ ಇರಲಿ. 42ರಿಂದ 49ರವರೆಗೆ ನಡೆಸಿಕೊಂಡು ಹೋದದ್ದು ಆ ಹುಡುಗ ಮತ್ತು ಅವನ ಜೊತೆಗಿನ ಇಬ್ಬರು. ಆ ಚೀಟಿಗಳನ್ನು ಅವನು ಇನ್ನೂ ಇಟ್ಟುಕೊಂಡಿದ್ದಾನಂತೆ. ಹರಿದು ಹಾಕು ಮಾರಾಯ.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಅನುವಾದದ ಮೂಲಕ, ಅಂತರರಾಷ್ಟ್ರೀಯ ಬುಕರ್ ಬಂತಲ್ಲ, ಆಮೇಲೆ ನಮ್ಮಲ್ಲಿ ಹೊಸ ಮುಖಗಳು ಕಾಣಿಸಿದವು. ಇಲ್ಲೇ ಹುಟ್ಟಿ ಬೆಳೆದ ಮಕ್ಕಳು. ಮನೆಯಲ್ಲಿ ಕನ್ನಡವೋ ತುಳುವೋ, ಕೇಳಿದರೆ ಪೂರ್ತಿ ಅರ್ಥವಾಗುತ್ತದೆ, ಲಿಪಿ ಬರುವುದಿಲ್ಲ. ಓದದೆ ಬಂದವರು ಪ್ರಶ್ನೆ ಕೇಳಬಾರದು ಎಂಬ ನನ್ನ ನಿಯಮ ಇವರ ಮುಂದೆ ಏನಾಗಬೇಕು? ದಾರಿ ತೋರಿಸಿದವರು ಮಾಟುಂಗದ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಕೂರುವವರು. ಹುಡುಗರಾಗಿದ್ದಾಗ ಹಗಲು ಟೇಬಲ್ ಒರೆಸಿ, ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ಮಧ್ಯಾಹ್ನ ಮೂರರಿಂದ ನಾಲ್ಕೂವರೆಗೆ ಗಿರಾಕಿ ಕಡಿಮೆ. ಆಗ ಮೊಬೈಲಿಗೆ ಓದಿ ಈ ಮಕ್ಕಳಿಗೆ ಕಳಿಸುತ್ತಾರೆ, ಅವರಿಗೆ ಮಾತ್ರ, ಲೇಖಕರನ್ನು ಕೇಳಿಯೇ. 240 ಪುಟದ ಕಾದಂಬರಿಗೆ ಹದಿನೇಳು ಮಧ್ಯಾಹ್ನ ಹಿಡಿಯಿತು. ಅದರಲ್ಲಿ ಎಲ್ಲೋ ನಡುವೆ, ನಾಯಕಿ ಕಣ್ಣೀರಿಡುವ ಜಾಗದಲ್ಲಿ, "ಎರಡು ಇಡ್ಲಿ, ಒಂದು ಫಿಲ್ಟರ್, ಚಿಲ್ಲರೆ ಕೊಡಿ" ಎಂಬುದೂ ಇದೆ. ಆ ಮಕ್ಕಳು ಅದನ್ನು ಅಳಿಸಲು ಬಿಡಲಿಲ್ಲ.

ಕುರ್ಚಿ ಜೋಡಿಸಿದವರಿಗೆ, ಬಾಡಿಗೆ ಬಾಕಿಯನ್ನು ಎರಡು ಸಲ ಮರೆತಂತೆ ನಟಿಸಿದ ಸಭಾಂಗಣದವರಿಗೆ, ಚುರುಮುರಿಯವರಿಗೆ ನಮಸ್ಕಾರ. ಮೂರು ಸಲ ಹೇಳಿದರೂ ಪುಸ್ತಕ ಕಳಿಸದ ಪ್ರಕಾಶಕರೊಬ್ಬರಿದ್ದಾರೆ. ಅವರಿಗೂ ನಮಸ್ಕಾರ, ಸ್ವಲ್ಪ ದೂರದಿಂದ. ನನ್ನ ಗಂಡ ಐವತ್ತಕ್ಕೆ ಐವತ್ತೂ ಬಂದಿದ್ದಾರೆ. ಓದಿದ್ದು ಒಂಬತ್ತು, ಹಾಗಾಗಿ ಪ್ರಶ್ನೆ ಕೇಳಿದ್ದೂ ಒಂಬತ್ತೇ ಸಭೆಗಳಲ್ಲಿ. ನಿಯಮ ಅಂದರೆ ನಿಯಮ. ಲೋಟದ ನೀರಿಗೆ ಸ್ಟ್ರಾ ಇಟ್ಟು ಗುಳುಗುಳು ಎನಿಸುತ್ತ 'ಊ' ಅನ್ನುವ ವ್ಯಾಯಾಮವನ್ನು ನಾನು ದಿನಕ್ಕೆ ಐದು ಸಲ ಮಾಡಬೇಕಿತ್ತು. ಒಬ್ಬಳೇ ಮಾಡಿದರೆ ನಗು ಬರುತ್ತದೆ ಎಂದು ಅವರೂ ಒಂದು ಲೋಟ ಹಿಡಿದು ಎದುರು ಕೂತರು, ಎರಡು ತಿಂಗಳು.

51ನೆಯ ಪುಸ್ತಕ ಮೊನ್ನೆ ಬಂದಿದೆ. ಪ್ರಬಂಧಗಳು, 176 ಪುಟ. ಸದ್ಯಕ್ಕೆ ಒಂದೇ ಪ್ರತಿ, ಉಳಿದ ನಾಲ್ಕು ಹುಬ್ಬಳ್ಳಿಯಿಂದ ಬರುವವರ ಬ್ಯಾಗಿನಲ್ಲಿವೆ. ನಾನು ಓದಿ ಮುಗಿಸಿದ್ದೇನೆ, 29ನೆಯ ಪುಟದಲ್ಲಿ ಪೆನ್ಸಿಲಿನಲ್ಲಿ ಒಂದು ತಕರಾರೂ ಬರೆದಿದ್ದೇನೆ. ಗುರುವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಥಾಣೆಯಲ್ಲಿ ಇಂಡಿಕೇಟರ್ ಕೆಳಗೆ ನಿಂತಿರುತ್ತೇನೆ. ಯಾರು ಮೊದಲು ತಗೊಳ್ಳುತ್ತೀರಿ, ಮೆಸೇಜ್ ಹಾಕಿ. ಫೋನ್ ಮಾಡಬೇಡಿ, ಗಂಟಲು ಇನ್ನೂ ಸರಿಹೋಗಿಲ್ಲ.