ವೈವಾ ಆತ್ರಿ, ಒಂದಿಷ್ಟು ಮಂದಿಗೆ ಥ್ಯಾಂಕ್ಸ್ ಹೇಳೂದೈತಿ

ಅಂತೂ ಮೊನ್ನೆ ಧಾರವಾಡದಾಗ ನಂದು ಪಿಎಚ್‌ಡಿ ವೈವಾ, ಅಂದ್ರ ಕಡೀ ಮೌಖಿಕ ಪರೀಕ್ಷೆ, ಮುಗೀತ್ರಿ. ಆರು ವರ್ಷ. ಇನ್ನ ಮದುವಿ ಮನ್ಯಾಗ ಯಾರೂ "ನಿಂದ್ ಯಾವಾಗ ಮುಗಿಯೂದೋ" ಅಂತ ಕೇಳಂಗಿಲ್ಲ, ಅದ ದೊಡ್ಡ ಸಮಾಧಾನ.

ನಂದು ಮೆಟಲ್-ಬೋರಾನ್ ಕ್ಲಸ್ಟರ್ ಕೆಲಸ, ಅಂದ್ರ ಕೆಲವ ಪರಮಾಣು ಕೂಡಿದ ಸಣ್ಣ ಗುಂಪಿಂದು. ಬೋರಾನ್ ಕಡೆ ಬಾಂಡಿಗೆ (ಪರಮಾಣು ಜೋಡಿಸೋ ಬಂಧಕ್ಕ) ಬರೇ 3 ಎಲೆಕ್ಟ್ರಾನು, ಬಡತನ, ಅದಕ್ಕ ಇಬ್ಬರ ನಡುವ ಇಟ್ಕೊಳ್ಳದ ಮನಿಮಂದಿ ಎಲ್ಲಾ ಕೂಡಿ ಹಂಚ್ಕೋತಾವು. 2011ರಾಗ ಲೈ-ಶೆಂಗ್ ವಾಂಗ್, ಬೋಲ್ಡಿರೆವ್ ಅನ್ನೋ ಕೆಮಿಸ್ಟ್ರಿ ವಿಜ್ಞಾನಿಗಳ ಗುಂಪು ಕೋಬಾಲ್ಟ್ ಸುತ್ತ 8 ಬೋರಾನ್, ರುಥೇನಿಯಂ ಸುತ್ತ 9 ಇರೋ ಚಪ್ಪಟಿ ಗಾಲಿ ತೋರಿಸಿದ್ರು, ಮರುವರ್ಷ ಟ್ಯಾಂಟಲಮ್ ಸುತ್ತ 10. ನಾನು ಅಂಥಾವ ಕಂಪ್ಯೂಟರಿನಾಗ ಕಟ್ಟಾಕ ಹೋದ್ರ ಫ್ರೀಕ್ವೆನ್ಸಿ ರನ್ (ರಚನೆ ಹೆಂಗ ನಡಗತೈತಿ ಅನ್ನೋ ಲೆಕ್ಕ) ಮಾಡಿದಾಗೆಲ್ಲ ಒಂದು ಇಮ್ಯಾಜಿನರಿ ಫ್ರೀಕ್ವೆನ್ಸಿ ಬರೋದು, ಅಂದ್ರ ರಚನೆ ಶಕ್ತಿಯ ತಗ್ಗಿನ್ಯಾಗಲ್ಲ ದಿಬ್ಬದ ಮ್ಯಾಲ ಕುಂತೈತಿ ಅಂತ, ಮೆಟಲ್ಲು ಉಂಗುರ ಬಿಟ್ಟು ಮ್ಯಾಲ ಎದ್ದು ಬರೋದು, ಹಿಂಗ ಎಂಟು ತಿಂಗಳು.

ಆವಾಗ ಗದಗಿನ ಕಡೆ ಹಳ್ಳ್ಯಾಗ ಬಡಿಗತನ ಮಾಡೋ ನಮ್ಮಪ್ಪ ಫೋನಿನ್ಯಾಗ ಕೇಳಿ, "ತಮ್ಮಾ, ನಡುವಿನ ಕಟಗಿ ಗಾಲಿಗೆ ತಕ್ಕಂಗ ಇರಲಿಲ್ಲಂದ್ರ ಗಾಲಿ ಅಳ್ಳಾಡತೈತಿ, ಹಳಿ ಬಡದ್ರೂ ನಿಲ್ಲಂಗಿಲ್ಲ" ಅಂದ. ಅಪ್ಪಾ, ಉಂಗುರಕ್ಕ ತಕ್ಕ ಮೆಟಲ್ ಬೇಕು ಅನ್ನೋದು ಪೇಪರಿನ್ಯಾಗ ಓದಿದ್ದೆ, ತಲಿಗೆ ಇಳಿದಿದ್ದು ಆವತ್ತ.

ಗೈಡ್ ಸರ್, ನೀವು ಒಂದ ಲೆಕ್ಕ ನಾಕ್ ಸಲ ಬೋರ್ಡ್ ಮ್ಯಾಲ ಬರಸಿದ್ರಿ: ಕೋಬಾಲ್ಟ್ ಗಾಲ್ಯಾಗ ಎಂಟು ಬೋರಾನಿನ 24 ಎಲೆಕ್ಟ್ರಾನಿನ್ಯಾಗ ಸುತ್ತಿನ ಬಾಂಡಿಗೆ 16 ಹೋಗಿ ಉಳಿದದ್ದು 8, ಕೋಬಾಲ್ಟ್ ತನ್ನ 9ರಾಗ 6 ತನ್ನ ಕಡೆನ ಇಟ್ಕೊಂಡು 3 ಕೊಟ್ತು, ನೆಗೆಟಿವ್ ಚಾರ್ಜಿಂದು 1, ಒಟ್ಟು 12, ಸಿಗ್ಮಾದಾಗ (ಗಾಲಿ ಸಮತಟ್ಟಿನ್ಯಾಗಿನ ಬಾಂಡು) 6, ಪೈದಾಗ (ಅದರ ಮ್ಯಾಲ-ಕೆಳಗಿನ ಬಾಂಡು) 6, ಎರಡೂ ಕಡೆ ಅರೋಮ್ಯಾಟಿಕ್, ಅಂದ್ರ ಉಂಗುರದ ತುಂಬ ಹಂಚ್ಕೊಂಡು ಗಟ್ಟಿ ನಿಲ್ಲೂದು. ಆವಾಗ ಸಿಟ್ಟ ಬಂದಿತ್ರಿ ಸರ್, ಖರೇ. ವೈವಾದಾಗ ಅದನ್ನ ಕೇಳಿದ್ರು! ಕೈ ನಡಗಾಕತ್ತಿತ್ತು, ಚಾಕ್ ಮುರೀತು, ಆದ್ರ ಲೆಕ್ಕ ತಪ್ಪಲಿಲ್ಲ.

ಕರೆಂಟ್ ಹೋಗಿ ಹಾರ್ಡ್ ಡಿಸ್ಕ್ ಕೆಟ್ಟ ರಾತ್ರಿ ಮೂರರ ತನಕ ಕುಂತು ಚೆಕ್‌ಪಾಯಿಂಟ್ ಫೈಲ್ (ನಡುವ ಉಳಿಸಿಟ್ಟ ಲೆಕ್ಕ) ಹೊರಗ ತೆಗೆದ ಜೂನಿಯರ್ ತಂಗಿ, ನಿನಗ ಗಿರ್ಮಿಟ್ ಬಾಕಿ ಐತಿ, ಮಿರ್ಚಿನೂ. ರೂಮ್‌ಮೇಟ್, ನಿನಗೇನ್ ಹೇಳ್ಲಿ, ನನ್ನ ಗೊರಕಿ ಸಹಿಸಿದಿ ಸಾಕು.

ಮೆಸ್ಸಿನ ಅಕ್ಕಾರ, ಫೆಲೋಶಿಪ್ ಬರದ ಆ ಐದು ತಿಂಗಳು ನೀವು ವಹಿ ತೆಗೀಲಿಲ್ಲ, ತಾಟಿಗೆ ಒಂದು ರೊಟ್ಟಿ ಜಾಸ್ತಿನ ಹಾಕಿದ್ರಿ, ಮ್ಯಾಲ ಶೇಂಗಾ ಚಟ್ನಿ. ಉಳಿದ ಎರಡು ತಿಂಗಳದ್ದು ಈ ಶನಿವಾರ ತಂದು ಕೊಡ್ತೀನ್ರಿ, ಬ್ಯಾಡ ಅನಬ್ಯಾಡ್ರಿ ಮತ್ತ.