ಹೆಣ ಸ್ವಲ್ಪ ಕಾಯಲಿ

ಪ್ರೀತಿಯ ತಂಗಿ,

ನಿನ್ನ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ದೇವಸ್ಥಾನದ ಅರ್ಚಕರನ್ನೇ ಪತ್ತೇದಾರರನ್ನಾಗಿಸಿದ್ದು ನನಗೆ ಬಹಳ ಹಿಡಿಸಿತು. ಆದರೆ ಮೊದಲ ಪುಟದಲ್ಲೇ ಹೆಣ ಬಿದ್ದಿದೆ. ಅದರ ಬಳಿಗೆ ಓಡಿದ ಅರ್ಚಕರು ಮತ್ತೆ ಗರ್ಭಗುಡಿಗೆ ಮರಳುವುದೇ ಇಲ್ಲ. ಅವರ ಜಾಗದಲ್ಲಿ ಒಬ್ಬ ವಕೀಲನನ್ನು ಕೂರಿಸಿದರೂ ಕಥೆ ಹಾಗೆಯೇ ಸಾಗುತ್ತದೆ. ನನ್ನ ತಕರಾರು ಇದೊಂದೇ.

ಅಮೆರಿಕದ ಪತ್ತೇದಾರಿ ಕಾದಂಬರಿಕಾರ ಹ್ಯಾರಿ ಕೆಮೆಲ್ಮನ್ ಅವರನ್ನು ಓದು. 1964ರ ‘ಫ್ರೈಡೇ ದ ರಬ್ಬಿ ಸ್ಲೆಪ್ಟ್ ಲೇಟ್’ ಅವರ ಮೊದಲ ಕಾದಂಬರಿ. ಪತ್ತೇದಾರಿ ಸಾಹಿತ್ಯಕ್ಕೆ ಕೊಡುವ ಎಡ್ಗರ್ ಪ್ರಶಸ್ತಿ ಪಡೆಯಿತು. ಮ್ಯಾಸಚೂಸೆಟ್ಸ್‌ನ ಬಾರ್ನಾರ್ಡ್ಸ್ ಕ್ರಾಸಿಂಗ್ ಎಂಬ ಕಲ್ಪಿತ ಊರು. ಅಲ್ಲಿನ ಯಹೂದಿ ಮಂದಿರದಲ್ಲಿ ಬೆಳಗಿನ ಸಾಮೂಹಿಕ ಪ್ರಾರ್ಥನೆಗೆ ಹತ್ತು ಗಂಡಸರು ಬೇಕು. ಒಂಬತ್ತು ಮಂದಿ ಬಂದು ಹತ್ತನೆಯವನ ದಾರಿ ನೋಡುತ್ತಿದ್ದಾರೆ. ಶುರುವಾಗುವುದೇ ಹೀಗೆ. ಆಮೇಲೊಂದು ಜಗಳ: ಕೇಳಿ ಪಡೆದ ಕಾರಿನ ಎಂಜಿನ್ ಆಯಿಲ್ ಇಲ್ಲದೆ ಕೆಟ್ಟಿದೆ, ನಷ್ಟ ಯಾರ ತಲೆಗೆ? ಯುವ ರಬ್ಬಿ ಡೇವಿಡ್ ಸ್ಮಾಲ್ ಇಬ್ಬರನ್ನೂ ಕೂರಿಸಿಕೊಂಡು ಯಹೂದಿ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮುಡ್‌ನ ತರ್ಕದಿಂದ ಎಳೆ ಎಳೆಯಾಗಿ ಬಿಡಿಸುತ್ತಾರೆ. ರಬ್ಬಿಯೆಂದರೆ ಪೂಜಾರಿಯಲ್ಲ, ಧರ್ಮಶಾಸ್ತ್ರ ಬಲ್ಲ ಗುರು. ನ್ಯಾಯ ಹೇಳುವುದು ಅವರ ಕಸುಬು. ಹಾಗಾಗಿ ಮಂದಿರದ ಆವರಣದಲ್ಲಿ ಯುವತಿಯ ಶವ ಸಿಕ್ಕಿ, ಅವಳ ಕೈಚೀಲ ರಬ್ಬಿಯ ಕಾರಿನಲ್ಲೇ ಪತ್ತೆಯಾದಾಗ ನಾವು ಬೆಚ್ಚುತ್ತೇವೆ. ಅತ್ತ ಮಂದಿರದ ಆಡಳಿತ ಮಂಡಳಿಯವರು ರಬ್ಬಿಯ ಕೆಲಸದ ಒಪ್ಪಂದವನ್ನು ಮುಂದುವರಿಸಬೇಕೇ ಎಂದು ಚರ್ಚಿಸುತ್ತಿರುತ್ತಾರೆ!

ಕೆಮೆಲ್ಮನ್ ಮೊದಲು ಬರೆದದ್ದು ಮಂದಿರ ಕಟ್ಟುವ ಸಮುದಾಯದ ಕಥೆಯನ್ನು. ಅದರಲ್ಲಿ ಕೊಲೆಯೇ ಇರಲಿಲ್ಲ. ಪತ್ತೇದಾರಿಯನ್ನೂ ಬೆರೆಸಬಹುದಲ್ಲ ಎಂದು ಸಂಪಾದಕರು ಸೂಚಿಸಿದ ಮೇಲೆ ಕೊಲೆ ಬಂತು. ಊರು ಆಗಲೇ ಸಿದ್ಧವಾಗಿತ್ತು.

ಎರಡನೆಯ ಕಾದಂಬರಿಯಲ್ಲಿ ಯಹೂದಿಗಳ ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪೂರ್ ಉಪವಾಸದ ಹೊತ್ತಿಗೆ ಒಬ್ಬ ತನ್ನ ಗ್ಯಾರೇಜಿನಲ್ಲಿ, ಕಾರಿನೊಳಗೆ ಸತ್ತಿದ್ದಾನೆ. ಆತ್ಮಹತ್ಯೆಯಾದರೆ ಯಹೂದಿ ಸ್ಮಶಾನದಲ್ಲಿ ಅವನಿಗೆ ಜಾಗವುಂಟೇ? ಪೊಲೀಸರ ಕಡತ ಇಲ್ಲಿ ಧರ್ಮಪ್ರಶ್ನೆಯಾಗುತ್ತದೆ, ರಬ್ಬಿ ಸುಮ್ಮನಿರುವಂತಿಲ್ಲ. ನಿನ್ನ ಅರ್ಚಕರಿಗೂ ಅಂಥದೊಂದು ಕಾರಣ ಬೇಕು, ತಂಗಿ. ಬರಿಯ ಕುತೂಹಲ ಸಾಲದು. ಐರಿಷ್ ಕ್ಯಾಥೊಲಿಕ್ ಪೊಲೀಸ್ ಮುಖ್ಯಸ್ಥ ಲ್ಯಾನಿಗನ್ ಜೊತೆ ರಬ್ಬಿ ನಡೆಸುವ ಧರ್ಮಚರ್ಚೆಗಳು ಕೆಲವೆಡೆ ಪಾಠದಂತಾಗಿವೆ, ಅದನ್ನು ಮಾತ್ರ ಅನುಸರಿಸಬೇಡ.

ನಿನ್ನ ಹನ್ನೆರಡನೆಯ ಪುಟದಲ್ಲಿ, ನೈವೇದ್ಯದ ಅಕ್ಕಿಗೆಂದು ಅರ್ಚಕರು ಉಗ್ರಾಣದ ಬೀಗದ ಕೈ ಕೇಳುತ್ತಾ ಧರ್ಮದರ್ಶಿಗಳ ಮನೆಯ ಜಗಲಿಯಲ್ಲಿ ನಿಂತಿರುತ್ತಾರೆ. ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀಯ. ಕಾದಂಬರಿಯನ್ನು ಅಲ್ಲಿಂದ ಶುರು ಮಾಡು. ತಿದ್ದಿದ ಪ್ರತಿಗಾಗಿ ಕಾಯುತ್ತಿರುತ್ತೇನೆ.

ನಿನ್ನ ಅಕ್ಕ