ನಿದ್ದೆಯಲ್ಲಿ ನನ್ನ ನರ ಕಾದವರಿಗೆ

ಬೆನ್ನುಮೂಳೆಯ ಆಪರೇಷನ್ ಆಗಿ ವರ್ಷವಾಯಿತು. ಮೊನ್ನೆ ಎಕ್ಸ್-ರೇ ನೋಡಿದ ಡಾಕ್ಟರು "ಮೂಳೆ ಚೆನ್ನಾಗಿ ಕೂಡಿಕೊಂಡಿದೆ ಅಮ್ಮಾ" ಅಂದರು. ಈಗಲಾದರೂ ಎಲ್ಲರಿಗೂ ಕೈ ಮುಗಿಯಬೇಕು.

ಸ್ಕೋಲಿಯೋಸಿಸ್, ಅಂದರೆ ಬೆನ್ನುಮೂಳೆ ಪಕ್ಕಕ್ಕೆ ವಾಲೋದು, ಮಕ್ಕಳಿಗೆ ಬರೋದು ಅಂದುಕೊಂಡವರೇ ಜಾಸ್ತಿ. ವಯಸ್ಸಾದ ಮೇಲೆ ಬೆನ್ನಿನ ಮೂಳೆಗಳ ನಡುವಿನ ಮೆತ್ತೆಗಳು, ಅಂದರೆ ಡಿಸ್ಕುಗಳು, ಒಂದು ಪಕ್ಕಕ್ಕೆ ಹೆಚ್ಚು ಸವೆದರೂ ಬೆನ್ನು ವಾಲುತ್ತದೆ. ನನಗೆ ಆಗಿದ್ದು ಅದೇ. ಸ್ವಲ್ಪ ನಡೆದರೆ ಕಾಲು ಜೋಮು ಹಿಡಿಯುತ್ತಿತ್ತು. ಅಡುಗೆ ಕಟ್ಟೆಗೆ ಮೊಣಕೈ ಊರದೆ ಒಂದು ಸಾರು ಮಾಡಲಾಗುತ್ತಿರಲಿಲ್ಲ.

ನಮ್ಮ ಸರ್ಜನ್ ನನ್ನನ್ನು ನಿಲ್ಲಿಸಿಯೇ ಪೂರ್ತಿ ಬೆನ್ನಿನ ಎಕ್ಸ್-ರೇ ತೆಗೆಸಿದರು. ಮಲಗಿದಾಗ ನಿಜವಾದ ವಾಲು ಅಷ್ಟು ಕಾಣುವುದಿಲ್ಲವಂತೆ. ಮೂಳೆ ಎಷ್ಟು ಗಟ್ಟಿ ಇದೆ ಅಂತ ಡೆಕ್ಸಾ ಸ್ಕ್ಯಾನ್ ಕೂಡ ಆಯಿತು. "ನಿಮ್ಮ ಬೆನ್ನು ಇನ್ನೂ ಬಗ್ಗುತ್ತೆ, ಅದಕ್ಕೆ ಸಣ್ಣ ಗಾಯದಲ್ಲೇ ಮಾಡಬಹುದು. ಪೂರ್ತಿ ಬಿಗಿದುಕೊಂಡಿದ್ದರೆ ಉದ್ದಕ್ಕೆ ತೆರೆಯಬೇಕಾಗ್ತಿತ್ತು" ಅಂದರು. ಗೆರೆ ಎಳೆದಂತೆ ನೆಟ್ಟಗಾಗಲ್ಲ ಅಂತಲೂ ಮೊದಲೇ ಹೇಳಿದರು. ನನಗೆ ಧೈರ್ಯ ಬಂದಿದ್ದು ಆ ಮಾತಿನಿಂದ.

ಪಕ್ಕೆಯ ಕಡೆಯಿಂದ ಹೋಗಿ ಸವೆದ ಡಿಸ್ಕ್ ತೆಗೆದು, ಆ ಜಾಗದಲ್ಲಿ ಮೂಳೆಗಳ ನಡುವೆ ಆಸರೆಯಾಗಿ ಕೇಜ್ ಅನ್ನೋ ಸಣ್ಣ ತುಂಡು ಇಟ್ಟರು. ಬೆನ್ನಿನ ಮೇಲೆ ಸಣ್ಣ ಸಣ್ಣ ಗಾಯ ಮಾಡಿ, ಎಕ್ಸ್-ರೇ ನೋಡಿಕೊಂಡೇ ಸ್ಕ್ರೂ, ರಾಡ್ ಕೂರಿಸಿದರು. ಈ ವಿಧಾನದಲ್ಲಿ ಬೆನ್ನಿನ ಸ್ನಾಯುಗಳಿಗೆ ಪೆಟ್ಟು ಕಡಿಮೆ, ರಕ್ತ ಹೋಗುವುದೂ ಕಡಿಮೆ. ಆದರೆ ಆ ಪಕ್ಕದ ದಾರಿ ಸೊಂಟದೊಳಗಿನ ದಪ್ಪ ಸ್ನಾಯುವನ್ನು ದಾಟಬೇಕು, ಕಾಲಿಗೆ ಹೋಗುವ ನರಗಳು ಅದರೊಳಗೇ ಇರುತ್ತವೆ. ಅವುಗಳಿಗೆ ತೊಂದರೆ ಆಗ್ತಿದೆಯಾ ಅಂತ ಆಪರೇಷನ್ ಮುಗಿಯುವವರೆಗೂ ಒಬ್ಬರು ಮಾನಿಟರ್ ಮುಂದೆ ಕೂತು ನೋಡುತ್ತಲೇ ಇದ್ದರಂತೆ. ಅವರ ಮುಖ ನಾನು ಕಂಡಿಲ್ಲ. ಬಿಲ್ಲಿನಲ್ಲಿ ಒಂದು ಸಾಲು, ಅಷ್ಟೇ. ನನ್ನ ಕಾಲು ನನ್ನ ಮಾತು ಕೇಳುತ್ತಿರುವುದರಲ್ಲಿ ನಿಮ್ಮ ಪಾಲು ದೊಡ್ಡದು. ನೀವು ಯಾರೇ ಆಗಿರಿ, ನಿಮ್ಮ ಹೊಟ್ಟೆ ತಣ್ಣಗಿರಲಿ.

ಆಮೇಲೆ ಕೆಲವು ವಾರ ತೊಡೆ ಮರಗಟ್ಟಿತ್ತು, ಮೆಟ್ಟಿಲಿಗೆ ಕಾಲು ಎತ್ತುವುದೇ ಕಷ್ಟ. ಇದು ಸಾಮಾನ್ಯ, ಹೆಚ್ಚಿನವರಿಗೆ ಹೋಗುತ್ತೆ ಅಂತ ಫಿಸಿಯೋಥೆರಪಿ ಹುಡುಗಿ ಮೊದಲೇ ಹೇಳಿದ್ದರಿಂದ ಹೆದರಲಿಲ್ಲ. ಬಗ್ಗಬೇಡಿ, ಭಾರ ಎತ್ತಬೇಡಿ, ಸೊಂಟ ತಿರುಚಬೇಡಿ ಅಂತ ದಿನಾ ಬೈದು ವಾಕರ್ ಹಿಡಿಸಿ ನಡೆಸಿದಳು. ಚೆನ್ನಾಗಿರಮ್ಮ.

ನಮ್ಮ ನಾದಿನಿ ತನ್ನ ಮನೆ ಬಿಟ್ಟು ಬಂದು ನನಗೆ ಸ್ನಾನ ಮಾಡಿಸಿದಳು, ಸಾಕ್ಸ್ ಹಾಕಿದಳು. ಈಗಲೂ ನೆಲದ ಮೇಲೆ ಕೂತು ಉಣ್ಣಲಾಗುವುದಿಲ್ಲ. ಆದರೆ ಸಂತೆಗೆ ನಡೆದೇ ಹೋಗುತ್ತೇನೆ. ಈ ಸಲದ ಹಬ್ಬಕ್ಕೆ ಒಬ್ಬಟ್ಟು ನಾನೇ ನಿಂತು ಬೇಯಿಸುತ್ತೇನೆ, ನೀನು ಬಂದು ಕೂತು ಉಣ್ಣಬೇಕು ಕಣೇ.